ಅಣ್ಣ ಕಾರಿನ ಕೆಳಗಿದ್ದಾನೆ

ಮಾರ್ಚ್ 2

ಪ್ರೀತಿಯ ಚಿಕ್ಕಪ್ಪ,

ಹೊರಡುವಾಗ ನಿಮಗೆ ಸರಿಯಾಗಿ ಒಂದು ಮಾತು ಹೇಳಿಯೂ ಬರಲಿಲ್ಲ. ಅಪ್ಪನ ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಇದ್ದವರು ನೀವೊಬ್ಬರೇ. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ. ಈ ಉಪಕಾರ ನಾನು ಹೇಗೆ ತೀರಿಸಲಿ?

ಅಪ್ಪನ ಕನ್ನಡಕದ ಅಂಗಡಿಯನ್ನೂ ಅದರ ಮೇಲಿನ ಎರಡು ಕೋಣೆಗಳನ್ನೂ ಖಾಲಿ ಮಾಡಿಕೊಟ್ಟೆ. ಮೇಜಿನ ಡ್ರಾಯರುಗಳಲ್ಲಿ ಇದ್ದದ್ದನ್ನೆಲ್ಲ ನೋಡದೆಯೇ ಎರಡು ರಟ್ಟಿನ ಪೆಟ್ಟಿಗೆಗೆ ಸುರಿದುಕೊಂಡು ಬಂದಿದ್ದೇನೆ. ತೆರೆಯಲು ಇನ್ನೂ ಮನಸ್ಸು ಬಂದಿಲ್ಲ.

ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಗಿ ಮೂರೇ ವಾರದಲ್ಲಿ ಹೋಗಿಬಿಟ್ಟ ಎಂದಿರಿ. ಎಕ್ಸ್‌ರೇ ಕೋಣೆಯಲ್ಲಿ ದಿನಕ್ಕೆ ನಲವತ್ತು ಜನರನ್ನು ನಿಲ್ಲಿಸಿ ಒಳಗಿನದನ್ನು ನೋಡುವವಳು ನಾನು. ಈ ರೋಗ ಅಷ್ಟು ಅವಸರದ್ದಲ್ಲ ಎಂದು ಗೊತ್ತಿದೆ. ಆದರೂ ಕೆಲವರಿಗೆ ಹಾಗಾಗುತ್ತದೆ. ನಮ್ಮ ಹಣೆಬರಹ ಎಂದುಕೊಂಡೆ. ಏನೂ ಗೊತ್ತಾಗದ ಹಾಗೆ ಹೋದನಲ್ಲ, ಅದೇ ಸಮಾಧಾನ.

ಅಪ್ಪನ ಕಾರು ಸದ್ಯಕ್ಕೆ ನಿಮ್ಮ ಗ್ಯಾರೇಜಿನಲ್ಲೇ ಇರಲಿ. ಏನು ಮಾಡುವುದೆಂದು ಯೋಚಿಸುತ್ತೇನೆ.

ಒಂದು ಕೇಳಿಕೆ ಇದೆ. ಅಪ್ಪನ ಬಗ್ಗೆ ಬರೆಯಿರಿ. ನಾನು ಹನ್ನೆರಡು ವರ್ಷದವಳಿದ್ದಾಗ ಆ ಕಾರು ಬಂತು. ಅಂದಿನಿಂದ ನಾನು ಕಂಡದ್ದು ಅದರ ಕೆಳಗಿನಿಂದ ಹೊರಗೆ ಚಾಚಿದ ಎರಡು ಕಾಲು ಮಾತ್ರ. ನಗಬೇಡಿ, ಅವನ ಮುಖಕ್ಕಿಂತ ಪಾದವೇ ನನಗೆ ಚೆನ್ನಾಗಿ ಗೊತ್ತು. ಮುಖ ಇದ್ದ ಕಡೆ ನೀವಿದ್ದಿರಿ.

ನಿಮ್ಮ,
ಚಿನಕುರುಳಿ


ಮಾರ್ಚ್ 11

ಚಿನಕುರುಳಿಗೆ ಚಿಕ್ಕಪ್ಪನ ಆಶೀರ್ವಾದ.

ಉಪಕಾರ ಗಿಪಕಾರ ಅಂತ ಇನ್ನೊಂದು ಸಲ ಬರೆದರೆ ಕಾಗದ ಒಡೆಯದೆ ವಾಪಸ್ ಕಳಿಸುತ್ತೇನೆ, ನೋಡು.

ಅಣ್ಣನ ಬಗ್ಗೆ ಬರೆ ಅಂದಿದ್ದೀಯ. ಎಲ್ಲಿಂದ ಹಿಡಿಯಲಿ? ಇಪ್ಪತ್ತೆರಡು ವರ್ಷದ ಹಿಂದೆ ಒಂದು ಭಾನುವಾರ ನಾಲ್ಕು ಜನ ಬೆವರು ಸುರಿಸಿಕೊಂಡು ಒಂದು ದುಂಡು ದೀಪದ ಕಾರನ್ನು ನನ್ನ ಗ್ಯಾರೇಜಿಗೆ ತಳ್ಳಿಕೊಂಡು ಬಂದರು. ಐದನೆಯವನು ಸ್ಟೇರಿಂಗ್ ಹಿಡಿದು ದಿಬ್ಬಣದ ಗಂಡಿನ ಹಾಗೆ ಕೂತಿದ್ದ. ಆಗ ನನಗೆ ಮೂವತ್ತು, ಅವನಿಗೆ ನಲವತ್ತೆಂಟು. ಮುಂದಿನ ಬೀದಿಯ ಕನ್ನಡಕದಂಗಡಿಯವರು ಅಂತ ಮುಖ ಗುರುತಿತ್ತು, ಅಷ್ಟೇ. ಬಾನೆಟ್ ಎತ್ತಿ ನೋಡಿದೆ. ಇಲಿ ಗೂಡು ಕಟ್ಟಿತ್ತು.

"ಸಾರ್, ಇದನ್ನ ಗುಜರಿಗೆ ಹಾಕಿಬಿಡಿ," ಅಂದೆ.

"ನಿಮ್ಮಪ್ಪಂಗೆ ವಯಸ್ಸಾದ್ರೆ ಗುಜರಿಗೆ ಹಾಕ್ತೀಯೇನಯ್ಯಾ?"

"ನಮ್ಮಪ್ಪ ಎಣ್ಣೆ ಸೋರ್ಸಲ್ಲ ಸಾರ್."

ಅದಕ್ಕೆ ನಕ್ಕ ನೋಡು, ಕನ್ನಡಕ ಕಳಚಿ ಬಿತ್ತು. ಅದರ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿತ್ತು. ಊರಿಗೆಲ್ಲ ಕನ್ನಡಕ ಮಾಡಿಕೊಟ್ಟವನು ಸಾಯುವ ತನಕ ಅದೇ ತಂತಿಯಲ್ಲಿ ದಿನ ತಳ್ಳಿದ. ಅವತ್ತೇ ನನಗೆ ಸ್ಪ್ಯಾನರ್ ಅಂತ ಹೆಸರಿಟ್ಟ, ಕಾರಿಗೆ ದೊರೆಸಾನಿ ಅಂತ ಹೆಸರಿಟ್ಟ. "ಮನೆಯವರು ಬೈದ್ರೆ ಮನೆ ಬಿಡಬಹುದು, ದೊರೆಸಾನಿ ಮುನಿಸ್ಕೊಂಡ್ರೆ ಎಲ್ಲಿಗಯ್ಯಾ ಹೋಗೋದು?" ಅನ್ನುತ್ತಿದ್ದ.

ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಬೋರ್ಡು ನೆನಪಿದೆಯಾ? ಬೇರೆಯವರು ಬಿಡಿ ಅಕ್ಷರ ಬರೆಸಿದರೆ ಇವನು ಮೇಲಿನಿಂದ ಕೆಳಗೆ ಕ್ಲಚ್ಚು, ಬ್ರೇಕು, ಡೈನಮೋ, ಗ್ಯಾಸ್ಕೆಟ್ಟು ಅಂತ ಬರೆಸಿಟ್ಟಿದ್ದ. ಒಬ್ಬ ಅಜ್ಜಿ ಪೂರ್ತಿ ಓದಿ, "ಕಣ್ಣೇನೋ ಕಾಣ್ತದಪ್ಪ, ಏನು ಓದ್ದೆ ಅಂತ ತಿಳೀಲಿಲ್ಲ," ಅಂದಳಂತೆ. ಇವನು ಅವಳನ್ನು ಗ್ಯಾರೇಜಿಗೇ ಕರೆದುಕೊಂಡು ಬಂದು ಡೈನಮೋ ಮುಟ್ಟಿಸಿ ಕಳಿಸಿದ!

ದೊರೆಸಾನಿಯ ಎಡಗಣ್ಣಿನ, ಅಂದರೆ ಎಡದೀಪದ, ಗಾಜು ಎಲ್ಲೂ ಸಿಗಲಿಲ್ಲ. ಅಣ್ಣ ನಾಲ್ಕು ತಿಂಗಳು ಕೂತು ಕನ್ನಡಕದ ಸಾಣೆಯಲ್ಲಿ ಆ ಗಾಜನ್ನು ತಾನೇ ಉಜ್ಜಿ ಮಾಡಿದ. ಬಲಗಣ್ಣಿನ ಗಾಜಿಗೆ ಗೀರಿಗೆ ಗೀರು ಸರಿ. ಕಾರ್ಬುರೇಟರಿನ ತೂತನ್ನು ಭೂತಗನ್ನಡಿ ಹಾಕಿ ನೋಡಿ, "ಇವಳಿಗೆ ಪೊರೆ ಬಂದಿದೆ ಕಣೋ," ಅನ್ನುವವನು ಅವನು. ನಾನು ಕಿವಿಯ ಮನುಷ್ಯ, ಅವನು ಕಣ್ಣಿನ ಮನುಷ್ಯ. ಇಬ್ಬರೂ ಸೇರಿದರೆ ಒಂದು ಪೂರ್ತಿ ಮೆಕ್ಯಾನಿಕ್.

ನಿನ್ನ ಮದುವೆಗೆ ಅಣ್ಣ ತಡವಾಗಿ ಬಂದದ್ದಕ್ಕೆ ನಿನಗೆ ಇನ್ನೂ ಕೋಪ ಅಂತ ಗೊತ್ತು. ಫೋಟೋದಲ್ಲಿ ನಿನ್ನ ಹೆಗಲ ಮೇಲೆ ಐದು ಬೆರಳಿನ ಗ್ರೀಸು ಇದೆಯಲ್ಲ, ಅದನ್ನು ನೋಡಿ ಅವನು ಎಷ್ಟು ಪೇಚಾಡಿಕೊಂಡ ಗೊತ್ತಾ? ಅವತ್ತು ದಾರಿಯಲ್ಲಿ ಕೈಕೊಟ್ಟ ಕಾರನ್ನು ಮಾರನೇ ವಾರವೇ ಬಿಚ್ಚಿ ಹಾಕಿದ. ಹನ್ನೊಂದು ವರ್ಷ ಒಂದೊಂದೇ ಭಾಗ ಕಟ್ಟುತ್ತ ಬಂದೆವು. "ಮಗಳು ರೈಲಿಳಿದು ಆಟೋಗೆ ಕೈ ಎತ್ತೋ ಹೊತ್ತಿಗೆ ಹಿಂದಿನಿಂದ ನಾನು ಹಾರ್ನ್ ಹೊಡೀಬೇಕು, ಸ್ಪ್ಯಾನರ್. ಆಮೇಲೆ ನಾನು ಸತ್ತರೂ ಚಿಂತೆ ಇಲ್ಲ," ಅನ್ನುತ್ತಿದ್ದ. ಅಷ್ಟು ಆಸೆ ಇಟ್ಟುಕೊಂಡಿದ್ದ ಮಾರಾಯ.

ಈಗ ಭಾನುವಾರ ಬಂದರೆ ಗ್ಯಾರೇಜಿನ ಷಟರ್ ಎತ್ತಲು ಮನಸ್ಸಾಗುವುದಿಲ್ಲ. ಎತ್ತಿದರೂ ಸುಮ್ಮನೆ ಕೂರುತ್ತೇನೆ. ಪಕ್ಕದ ಟೈರ್ ಅಂಗಡಿಯವನು ಬಂದು, "ಏನಣ್ಣಾ, ಪಂಚರ್ ಆದ ಹಂಗೆ ಕೂತಿದ್ದೀಯ," ಅಂತಾನೆ. ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಟೀ ತರಿಸಿಕೊಟ್ಟ.

ಇಂತಿ,
ಚಿಕ್ಕಪ್ಪ


ಏಪ್ರಿಲ್ 6

ಚಿಕ್ಕಪ್ಪ,

ಪೆಟ್ಟಿಗೆ ತೆರೆದೆ.

ಲೆನ್ಸ್ ಕವರುಗಳ ಅಡಿಯಲ್ಲಿ ಒಂದು ಹಳದಿ ಫೈಲು ಇತ್ತು. ಮೊದಲ ಚೀಟಿಯ ಮೇಲೆ ಜುಲೈ ಒಂಬತ್ತು ಎಂದಿದೆ. ಅಪ್ಪ ತೀರಿಕೊಂಡದ್ದು ಫೆಬ್ರವರಿ ಹನ್ನೆರಡು. ಏಳು ತಿಂಗಳಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಮೂರು ವಾರ.

ರೇಡಿಯೇಶನ್, ಜನ ಕರೆಂಟ್ ಕೊಡುವುದು ಎನ್ನುತ್ತಾರಲ್ಲ, ಅದರ ಕಾರ್ಡೂ ಇದೆ. ಮೂವತ್ತಮೂರು ಸಲ ಹೋಗಿದ್ದಾನೆ. ಒಂದೊಂದು ದಿನದ ಮುಂದೆಯೂ 'ಜೊತೆಗೆ ಬಂದವರು' ಎಂಬ ಜಾಗದಲ್ಲಿ ಸಹಿ ಇದೆ. ಕೊಕ್ಕೆ ಕೊಕ್ಕೆಯಾದ ಆ ಸಹಿ ಯಾರದೆಂದು ನಿಮಗೆ ಹೇಳಬೇಕೆ? ಮೂವತ್ತಮೂರು ಸಲವೂ ಒಂದೇ ಸಹಿ. ಡಿಸೆಂಬರಿನಲ್ಲಿ ಗಂಟಲಿಗೆ ನಳಿಕೆ ಹಾಕಿಸಿದ ಕಾಗದಕ್ಕೂ ನಿಮ್ಮದೇ ಸಹಿ. ಸಂಬಂಧ ಎಂಬಲ್ಲಿ 'ತಮ್ಮ' ಎಂದು ಬರೆದಿದ್ದೀರಿ. ಮಗಳು ಇದ್ದಾಳೆ ಎಂದು ಆ ಆಸ್ಪತ್ರೆಯಲ್ಲಿ ಯಾರಿಗಾದರೂ ಗೊತ್ತಿತ್ತೆ?

ಆ ಏಳು ತಿಂಗಳಲ್ಲಿ ನಾನು ಸುಮ್ಮನೆ ಕೂತಿರಲಿಲ್ಲ. ಫೋನ್ ಮಾಡಿದೆ. ಪ್ರತಿ ಸಲವೂ ಎತ್ತಿದ್ದು ನೀವು. "ಅಣ್ಣ ಕಾರಿನ ಕೆಳಗಿದ್ದಾನೆ ಕಣವ್ವಾ, ಕೈಯೆಲ್ಲ ಗ್ರೀಸು, ಆಮೇಲೆ ಮೆಸೇಜ್ ಹಾಕ್ತಾನಂತೆ." ಸಂಜೆ ಮೆಸೇಜ್ ಬರುತ್ತಿತ್ತು. 'ಚೆನ್ನಾಗಿದ್ದೇನೆ. ಗೇರ್ ಬಾಕ್ಸ್ ಇಳಿಸಿದ್ದೇವೆ.' ಚಿಕ್ಕಂದಿನಿಂದ ಕಂಡದ್ದೇ ಅದು, ನಂಬದೆ ಏನು ಮಾಡಲಿ? ನಾನು ಕೋಪ ಮಾಡಿಕೊಂಡು ಫೋನ್ ಇಡುತ್ತಿದ್ದೆ. ಗಂಟಲಿಗೆ ನಳಿಕೆ ಹಾಕಿಸಿಕೊಂಡು ಮಲಗಿದವನ ಮೇಲೆ ಕೋಪ ಮಾಡಿಕೊಳ್ಳುತ್ತಿದ್ದೆ. ಆ ಪಾಪ ನನ್ನ ತಲೆಗೆ ಕಟ್ಟಿದಿರಿ.

ಯಾಕೆ? ಇದೊಂದಕ್ಕೆ ಉತ್ತರ ಬರೆಯಿರಿ. ಕಥೆ ಬೇಡ.


ಏಪ್ರಿಲ್ 19

ಮಗಳೇ,

ನೀನು ಬೈದದ್ದು ಕಡಿಮೆಯಾಯಿತು. ಇನ್ನೂ ಬೈಯಬಹುದು.

ಹೋದ ವರ್ಷ ಮೇ ತಿಂಗಳಲ್ಲಿ ಅಣ್ಣನ ದನಿ ಒಡೆಯಿತು. ಮೊದಲು ಕೇಳಿದವನು ನಾನೇ. ಬೀದಿಯ ಆ ತುದಿಯಲ್ಲಿ ಬರುವ ಗಾಡಿಯ ಬೇರಿಂಗ್ ಸವೆದಿದೆ ಅಂತ ಇಲ್ಲಿ ಕೂತು ಹೇಳುವವನು ನಾನು. ನನ್ನ ಕಿವಿಯ ಪಕ್ಕದಲ್ಲೇ ಎರಡು ತಿಂಗಳು ಅವನ ಗಂಟಲು ಗರಗರ ಅಂದರೂ, "ಅಣ್ಣಾ, ನಿನ್ನ ಸೈಲೆನ್ಸರ್ ಹೋಗಿದೆ," ಅಂತ ತಮಾಷೆ ಮಾಡಿಕೊಂಡಿದ್ದೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮಜ್ಜಿಗೆಯಲ್ಲಿ ಬಿತ್ತಂತೆ.

ನಮ್ಮ ಕಸುಬಿನಲ್ಲಿ ಒಂದು ಮಾತಿದೆ. ಓಡುತ್ತಿರುವ ಇಂಜಿನ್ ಬಿಚ್ಚಬಾರದು. ಸದ್ದು ಮಾಡಲಿ, ಹೊಗೆ ಬಿಡಲಿ, ಓಡುತ್ತಿದೆಯಾ, ಸುಮ್ಮನೆ ಬಿಡು. ಬಿಚ್ಚಿದೆಯೋ, ಇಲ್ಲದ ರೋಗವೆಲ್ಲ ಹೊರಗೆ ಬರುತ್ತದೆ. ಗಿರಾಕಿಗಳಿಗೆ ನಾನು ದಿನಾ ಹೇಳುವ ಮಾತನ್ನು ಅಣ್ಣ ನನಗೇ ತಿರುಗಿಸಿ ಹೇಳಿದ. "ಊಟ ಮಾಡ್ತಿದ್ದೀನಿ, ನಿದ್ದೆ ಮಾಡ್ತಿದ್ದೀನಿ, ಓಡ್ತಿರೋ ಇಂಜಿನ್ ಯಾಕೋ ಬಿಚ್ತೀಯ?" ನಾನು ತಲೆಯಾಡಿಸಿದೆ. ಎರಡು ತಿಂಗಳು ಅಲ್ಲೇ ಹೋಯಿತು. ಡಾಕ್ಟರು ಆಮೇಲೆ ಹೇಳಿದರು, ಆ ಎರಡು ತಿಂಗಳು ಮೊದಲೇ ಬಂದಿದ್ದರೆ ಉಳಿಯುತ್ತಿದ್ದನೋ ಏನೋ ಅಂತ.

ನಿನಗೆ ಹೇಳಬಾರದು ಅಂತ ಅಣ್ಣ ನನ್ನ ತಲೆಯ ಮೇಲೆ ಕೈ ಇಟ್ಟು ಆಣೆ ಹಾಕಿಸಿದ. "ಅವಳು ದಿನಕ್ಕೆ ನಲವತ್ತು ಜನರ ರೋಗ ನೋಡ್ತಾಳೆ. ಮನೇದೂ ನೋಡ್ಬೇಕಾ? ಅವಳ ಮಗು ಇನ್ನೂ ಚಿಕ್ಕದು. ಕಾರ್ ರೆಡಿ ಆಗ್ಲಿ, ನಾನೇ ಓಡಿಸ್ಕೊಂಡು ಅವಳ ಮನೆ ಬಾಗಿಲಿಗೆ ಹೋಗಿ ಹೇಳ್ತೀನಿ," ಅಂದ. ದನಿ ಕೇಳಿದರೆ ನಿನಗೆ ಗೊತ್ತಾಗುತ್ತದೆ ಅಂತ ಫೋನ್ ನನಗೆ ಕೊಟ್ಟ, ಸಂಜೆಯ ಮೆಸೇಜನ್ನೂ ನನ್ನ ಕೈಯಲ್ಲೇ ಹಾಕಿಸಿದ. ಮೊದಲ ಸಲ ನಾನು ಹೇಳಿದ್ದು ಸುಳ್ಳಲ್ಲ, ನಿಜವಾಗಿಯೂ ಅವನು ಕಾರಿನ ಕೆಳಗೇ ಇದ್ದ. ಎರಡನೇ ಸಲ ಆಸ್ಪತ್ರೆಯ ಬೆಂಚಿನ ಮೇಲಿದ್ದ. ಬಾಯಿಗೆ ಅದೇ ಮಾತು ಬಂತು. ಆಮೇಲೆ ರೂಢಿಯಾಯಿತು.

ಮೂರು ವಾರ ಅಂತ ಹೇಳಿದ್ದು ನಿನಗೆ ನೋವು ಕಡಿಮೆಯಾಗಲಿ ಅಂತ. ಆಣೆ ಅವನದು, ಸುಳ್ಳು ನನ್ನದು.

ಇಂತಿ,
ಚಿಕ್ಕಪ್ಪ


ಮೇ 3

ಚಿಕ್ಕಪ್ಪ,

ನಿಮ್ಮ ಇಂಜಿನ್ ಮಾತು ಓದಿ ಕಾಗದ ಹರಿದು ಹಾಕಬೇಕು ಅನ್ನಿಸಿತು. ಮನುಷ್ಯನ ಗಂಟಲು ನಿಮ್ಮಿಬ್ಬರಿಗೂ ಸೈಲೆನ್ಸರ್ ಆಯಿತಲ್ಲ. ದಡ್ಡರಾಗಿದ್ದರೆ ಕ್ಷಮಿಸಬಹುದಿತ್ತು. ಗಾಜಿನ ಮೇಲಿನ ಕೂದಲೆಳೆ ಗೀರು ಕಾಣುವವನೊಬ್ಬ, ಬೀದಿಯಾಚೆಯ ಸದ್ದು ಕೇಳುವವನೊಬ್ಬ. ಇಬ್ಬರೂ ಸೇರಿ ಒಂದು ಪೂರ್ತಿ ಮನುಷ್ಯನನ್ನು ಸಾಯಿಸಿದಿರಿ.

ಆಣೆ ಹಾಕಿಸಿದ್ದನ್ನು ನಂಬುತ್ತೇನೆ. ಅಪ್ಪ ಹಾಗೆಯೇ. ಆದರೆ ನಾನು ಮಲಗಿದವರನ್ನು ಕಂಡಿದ್ದೇನೆ, ಚಿಕ್ಕಪ್ಪ. ಆರೋಗ್ಯ ಇರುವಾಗ ಯಾರಿಗೂ ಹೇಳಬೇಡಿ ಎನ್ನುತ್ತಾರೆ. ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದವರೂ ಒಂದು ದಿನ ಮಕ್ಕಳ ಹೆಸರು ಹಿಡಿದು ಕರೆಯುತ್ತಾರೆ. ಜಗಳವಾಡಿದವರೂ ಕರೆಯುತ್ತಾರೆ. ಇಪ್ಪತ್ತು ವರ್ಷ ಮುಖ ನೋಡದವರೂ ಕರೆಯುತ್ತಾರೆ.

ನನ್ನ ಅಪ್ಪ ಒಮ್ಮೆಯೂ ನನ್ನನ್ನು ಕೇಳಲಿಲ್ಲವೆ?

ನನಗೆ ಬೇಕಾದದ್ದು ಇಷ್ಟೇ. ಕೇಳಲಿಲ್ಲ ಎಂದರೆ ಕೇಳಲಿಲ್ಲ ಎನ್ನಿ. ಗಟ್ಟಿಯಾಗಿದ್ದೇನೆ, ತಡೆದುಕೊಳ್ಳುತ್ತೇನೆ. ಮದುವೆಯ ದಿನ ಗ್ರೀಸಿನ ಕೈ ನೋಡಿ, "ಆ ಕಾರಿಗೇ ಅಪ್ಪನಾಗಿರು ಹೋಗು," ಎಂದಿದ್ದೆ. ಅದನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೋದನೋ ಏನೋ. ರಾತ್ರಿ ನಿದ್ದೆ ಬರುತ್ತಿಲ್ಲ. ಬೇಗ ಬರೆಯಿರಿ.

ಚಿನಕುರುಳಿ


ಮೇ 27

ಮಗಳೇ,

ತಡವಾಯಿತು. ಗ್ಯಾರೇಜಿನಲ್ಲಿ ಕೆಲಸ ಜಾಸ್ತಿ, ಸೊಂಟವೂ ಹಿಡಿದುಕೊಂಡಿತ್ತು.

ದೊರೆಸಾನಿಯ ಇಂಜಿನ್ ಕೂರಿಸಿದೆ. ಹೋದ ಮಂಗಳವಾರ ಸ್ಟಾರ್ಟ್ ಆಯಿತು. ಹೊಗೆಯಿಲ್ಲ, ಸದ್ದಿಲ್ಲ, ಹೊಲಿಗೆ ಯಂತ್ರದ ಹಾಗೆ ಓಡುತ್ತದೆ. ಬೀದಿಯ ತುದಿಯವರೆಗೂ ಹೋಗಿ ಬಂದೆ. ಪಕ್ಕದ ಸೀಟಿನ ಕಡೆ ನೋಡಲಿಲ್ಲ.

ಅಣ್ಣನ ಮನಸ್ಸಿನಲ್ಲಿ ನಿನ್ನ ಮೇಲೆ ಕೋಪ ಇರಲಿಲ್ಲ. ಅದು ಮಾತ್ರ ಖಂಡಿತ. ದೊಡ್ಡ ಮನುಷ್ಯ ಅವನು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ನಿದ್ದೆ ಮಾಡು. ಮಗುವನ್ನು ಕೇಳಿದೆ ಅಂತ ಹೇಳು.

ಇಂತಿ,
ಚಿಕ್ಕಪ್ಪ


ಜೂನ್ 8

ಚಿಕ್ಕಪ್ಪ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀರಿ. ಪರವಾಗಿಲ್ಲ, ಅರ್ಥವಾಯಿತು. ಅಪ್ಪ ಕೇಳಿದ್ದರೆ ನೀವು ಮೊದಲ ಸಾಲಿನಲ್ಲೇ ಬರೆಯುತ್ತಿದ್ದಿರಿ. ನನ್ನ ಮುಖ ನೋಡಿಕೊಂಡು ಇಲ್ಲ ಎನ್ನಲಾರದೆ ಸೊಂಟನೋವಿನ ಕಥೆ ಹೇಳಿದಿರಿ. ನಿಮ್ಮದು ಒಳ್ಳೆಯ ಮನಸ್ಸು.

ಕಾರಿನ ಕಾಗದಪತ್ರಕ್ಕೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಅದು ನಿಮ್ಮದು. ನನ್ನನ್ನು ಬೇಡ ಎಂದವನ ಕಾರು ನನಗೂ ಬೇಡ. ಅವನ ಕೊನೆಯ ಏಳು ತಿಂಗಳು ನಿಮಗೆ ಸಿಕ್ಕಿತು, ಕಾರೂ ನಿಮಗೇ ಸಿಗಲಿ. ಅವನನ್ನು ನೋಡಿಕೊಂಡವರು ನೀವು.

ಅಮ್ಮನೂ ಇಲ್ಲದ ಮೇಲೆ ನನಗೆ ಅಂತ ತವರಿನ ಕಡೆ ಇನ್ನು ಉಳಿದವರು ನೀವೊಬ್ಬರೇ. ಕೋಪದಲ್ಲಿ ಏನೇನೋ ಬರೆದೆ. ಹೊಟ್ಟೆಗೆ ಹಾಕಿಕೊಳ್ಳಿ. ಮುಂದಿನ ತಿಂಗಳು ಮಗುವನ್ನು ಕರೆದುಕೊಂಡು ಬರುತ್ತೇನೆ.

ನಿಮ್ಮ,
ಚಿನಕುರುಳಿ


ಜೂನ್ 30

ಮಗಳೇ,

ಕಾರಿನ ಕಾಗದ ವಾಪಸ್ ಕಳಿಸುತ್ತಿದ್ದೇನೆ. ಇದನ್ನು ಓದಿದ ಮೇಲೆ ನೀನು ಬರುವುದಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೂರು ವಾರ ನಿನ್ನ ಕಾಗದ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಸುಮ್ಮನಿದ್ದರೆ ಕಾರು ನನ್ನದು, ನೀನೂ ನನ್ನವಳು. ಬಾಯಿ ಬಿಡದಿದ್ದರೆ ಸಾಕು. ಆ 'ನಿಮ್ಮದು ಒಳ್ಳೆಯ ಮನಸ್ಸು' ಅನ್ನುವ ಸಾಲನ್ನು ಮಾತ್ರ ಜೀರ್ಣಿಸಿಕೊಳ್ಳಲು ಆಗಲಿಲ್ಲ.

ಅಣ್ಣ ನಿನ್ನನ್ನು ಕೇಳಿದ.

ಜನವರಿಯಲ್ಲಿ ಅವನ ಮಂಚವನ್ನು ಗ್ಯಾರೇಜಿನ ಒಳಗೋಡೆಯ ಪಕ್ಕ ಹಾಕಿದ್ದೆ. ಅಂಗಡಿಯ ಮಹಡಿ ಹತ್ತಲು ಅವನಿಗೆ ಆಗುತ್ತಿರಲಿಲ್ಲ. ಅಲ್ಲಿಂದ ದೊರೆಸಾನಿ ಕಾಣುತ್ತಾಳೆ ಅಂತ ಅವನಿಗೂ ಖುಷಿ. ಮಾತು ನಿಂತಿತ್ತು, ಮಡಿಲಲ್ಲಿ ಒಂದು ಸ್ಲೇಟು. ಅವನು ಬರೆಯುವುದು, ನಾನು ಓದಿ ಕೈಯಲ್ಲಿದ್ದ ಬನಿಯನ್ ಬಟ್ಟೆಯಲ್ಲಿ ಒರೆಸುವುದು. ಫೆಬ್ರವರಿ ನಾಲ್ಕು, ಶುಕ್ರವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಬಳಪದಿಂದ ಮಂಚದ ಕಂಬಿ ಕುಟ್ಟಿದ. ಹೋಗಿ ನೋಡಿದೆ. 'ಚಿನಕುರುಳಿನ ಕರೆಸು. ನೋಡಬೇಕು' ಅಂತ ಇತ್ತು. ನನ್ನ ತಲೆಯ ಮೇಲೆ ಕೈ ಇಟ್ಟ. ಆಣೆ ವಾಪಸ್ ತೆಗೆದುಕೊಂಡೆ ಅಂತ.

ಆಯ್ತಣ್ಣಾ ಅಂದೆ. ಸ್ಲೇಟು ಒರೆಸಿದೆ. ಫೋನ್ ಜೇಬಿನಲ್ಲೇ ಇತ್ತು.

ನಾನು ಮಾಡಲಿಲ್ಲ.

ಇಂಜಿನ್ ಬಿಚ್ಚಿ ಬೆಂಚಿನ ಮೇಲಿತ್ತು. ಹಿಂದಿನ ದಿನವಷ್ಟೇ ಪಿಸ್ಟನ್ ರಿಂಗುಗಳು ಪಾರ್ಸೆಲ್‌ನಲ್ಲಿ ಬಂದಿದ್ದವು. ನಾಲ್ಕು ದಿನದ ಕೆಲಸ ಅಂತ ಅಂದಾಜು ಹಾಕಿದೆ. ಮಂಗಳವಾರ ಇಂಜಿನ್ ಕೂರಿಸಿ ಫೋನ್ ಮಾಡುತ್ತೇನೆ, ಬುಧವಾರ ನೀನು ರೈಲಿಳಿಯುತ್ತೀಯ, ಅಣ್ಣನನ್ನು ಮುಂದಿನ ಸೀಟಿನಲ್ಲಿ ಒರಗಿಸಿಕೊಂಡು ಸ್ಟೇಷನ್ನಿಗೆ ಬರುತ್ತೇನೆ, ಹಾರ್ನ್ ಅವನೇ ಹೊಡೆಯುತ್ತಾನೆ. ಹನ್ನೊಂದು ವರ್ಷದ ಆಸೆ, ನಾಲ್ಕು ದಿನ ಕಾಯಲಾರದಾ? ಹೀಗೆ ಯೋಚನೆ ಮಾಡಿದೆ ಅಂದರೆ ನಂಬು. ಡಾಕ್ಟರು ಎರಡು ವಾರ ಅಂದಿದ್ದರು. ಡಾಕ್ಟರ ಮಾತನ್ನು ಕೂಡ ನಾನು ಗ್ಯಾರೇಜಿನ ಲೆಕ್ಕದಲ್ಲೇ ಹಿಡಿದೆ.

ಸೋಮವಾರ ರಿಂಗ್ ಕೂರಿಸುವಾಗ ಒಂದು ಮುರಿಯಿತು. ಮೂವತ್ತು ವರ್ಷದ ಕಸುಬಿನಲ್ಲಿ ಮುರಿದವನಲ್ಲ. ಇನ್ನೊಂದಕ್ಕೆ ಹೇಳಿ ಕಳಿಸಿದೆ. ಆಗಲಾದರೂ ಫೋನ್ ಮಾಡಬಹುದಿತ್ತು. ಬುಧವಾರ ನೀನೇ ಮಾಡಿದೆ. ನಾನು ಫೋನ್ ಹಿಡಿದುಕೊಂಡು ಬೀದಿಗೆ ಬಂದೆ, ಅಣ್ಣನಿಗೆ ಕೇಳಬಾರದು ಅಂತ. ಟೈರ್ ಅಂಗಡಿಯ ಮುಂದೆ ನಿಂತುಕೊಂಡು, "ಅಣ್ಣ ಕಾರಿನ ಕೆಳಗಿದ್ದಾನೆ," ಅಂದೆ. ಅವತ್ತು ನನ್ನ ಮೇಲೆ ಯಾವ ಆಣೆಯೂ ಇರಲಿಲ್ಲ.

ಅಣ್ಣನ ಆಸೆಗಾಗಿ ಮಾಡಿದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜ ಅಲ್ಲ. ಇಪ್ಪತ್ತೆರಡು ವರ್ಷ ಆ ಕಾರು ನನ್ನ ಮರ್ಯಾದೆ ತೆಗೆದಿತ್ತು. ಅದು ಓಡುವುದನ್ನು ಅಣ್ಣ ನೋಡಬೇಕಿತ್ತು, ನೋಡಿ ನನ್ನನ್ನು ಭೇಷ್ ಅನ್ನಬೇಕಿತ್ತು. ಇನ್ನೊಂದೂ ಇದೆ. ನೀನು ಬಂದರೆ ಅಣ್ಣ ನಿನ್ನವನಾಗುತ್ತಾನೆ, ನಾನು ಬರೀ ಗ್ಯಾರೇಜಿನವನಾಗುತ್ತೇನೆ. ನನಗೂ ಹೆಂಡತಿ ಮಕ್ಕಳು ಅಂತ ಯಾರಿದ್ದಾರೆ ಹೇಳು. ಥೂ, ಬರೆಯಲು ನಾಚಿಕೆಯಾಗುತ್ತದೆ. ಬರೆದಿದ್ದೇನೆ.

ಶನಿವಾರ ಅಣ್ಣ ಹೋದ. ಎಂಟು ದಿನ ಇತ್ತು, ಮಗಳೇ. ನೀನು ಒಂದು ದಿನದ ದಾರಿ ದೂರದಲ್ಲಿದ್ದೆ.

ಇಂತಿ,
ಚಿಕ್ಕಪ್ಪ


ಜುಲೈ 17

ಮೆಕ್ಯಾನಿಕ್ ಅವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ.

ಮೊದಲು ಇದೂ ಸುಳ್ಳು ಅನ್ನಿಸಿತು. ಸ್ಲೇಟು ಒರೆಸಿದ್ದೀರಿ, ಸಾಕ್ಷಿ ಇಲ್ಲ. ಏಳು ತಿಂಗಳು ಸುಳ್ಳು ಹೇಳಿದವರು, ನನ್ನ ಸಮಾಧಾನಕ್ಕೆ ಅಪ್ಪ ನಿನ್ನನ್ನು ಕೇಳಿದ ಎಂದು ಇನ್ನೊಂದು ಸೇರಿಸಿದ್ದಾರೆ ಎಂದುಕೊಂಡೆ. ಆಮೇಲೆ ಮತ್ತೆ ಓದಿದೆ. ಸಮಾಧಾನ ಮಾಡುವುದಕ್ಕೆ ಸುಳ್ಳು ಹೇಳುವವನು ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಳ್ಳುವುದಿಲ್ಲ. ಅದಕ್ಕೇ ನಂಬಿದೆ. ಅಪ್ಪ ನನ್ನನ್ನು ಕೇಳಿದ. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅತ್ತೆ. ಐದು ತಿಂಗಳಲ್ಲಿ ಮೊದಲ ಸಲ ಅತ್ತದ್ದು.

ನಿಮ್ಮನ್ನು ಕ್ಷಮಿಸುವುದಿಲ್ಲ. ಕೋಪದಲ್ಲಿ ಹೇಳುತ್ತಿಲ್ಲ. ಆ ಬುಧವಾರ ನನಗೆ ರಜೆ ಇತ್ತು. ಏನೋ ಕಸಿವಿಸಿಯಾಗಿ ಫೋನ್ ಮಾಡಿದ್ದೆ. ನೀವು ಒಂದು ಮಾತು ಬೇರೆ ಹೇಳಿದ್ದರೆ ಆ ಸಂಜೆಯ ರೈಲಿನಲ್ಲಿ ಇರುತ್ತಿದ್ದೆ. ಬಿಚ್ಚಿಟ್ಟ ಇಂಜಿನ್ನಿಗೆ ನಾಳೆ ಇತ್ತು, ಅಪ್ಪನಿಗೆ ಇರಲಿಲ್ಲ. ಇಷ್ಟು ನಿಮಗೆ ಹೊಳೆಯಲಿಲ್ಲವೆ? ಚಿಕ್ಕಪ್ಪ ಎಂದು ಬರೆಯಲು ಹೋದೆ, ಕೈ ಬರಲಿಲ್ಲ.

ಕಾರನ್ನು ನಾನೇ ಇಟ್ಟುಕೊಳ್ಳುತ್ತೇನೆ. ಮೂವತ್ತನೇ ತಾರೀಕು ಲಾರಿ ಬರುತ್ತದೆ, ಜೊತೆಗೆ ನಾನೂ ಬರುತ್ತೇನೆ. ಅವತ್ತು ನೀವು ಗ್ಯಾರೇಜಿನಲ್ಲಿ ಇರಬೇಡಿ. ಕೀಲಿ ಟೈರ್ ಅಂಗಡಿಯಲ್ಲಿ ಕೊಟ್ಟಿರಿ.

ಒಂದೇ ಒಂದು ತಿಳಿಯಬೇಕು. ಅದಾದ ಮೇಲೆ ಬರೆಯುವುದು ಬೇಡ. ಕರೆಸು ಎಂದು ಬರೆದ ಮೇಲೆ ಎಂಟು ದಿನ ನಾನು ಬರಲಿಲ್ಲ. ಅಪ್ಪ ಏನು ತಿಳಿದುಕೊಂಡ? ಕರೆದರೂ ಮಗಳು ಬರಲಿಲ್ಲ ಎಂದುಕೊಂಡೇ ಹೋದನೆ?


ಜುಲೈ 24

ಮಗಳೇ,

ಕೀಲಿ ಟೈರ್ ಅಂಗಡಿಯಲ್ಲಿ ಕೊಟ್ಟಿದ್ದೇನೆ. ನಾನು ಅವತ್ತು ಅಲ್ಲಿರುವುದಿಲ್ಲ. ತಣ್ಣಗಿರುವಾಗ ಚೋಕ್ ಪೂರ್ತಿ ಎಳೆಯಬೇಡ, ಅರ್ಧ ಸಾಕು. ಎರಡನೇ ಗೇರು ಸ್ವಲ್ಪ ಹಟಮಾರಿ, ಬಲವಂತ ಮಾಡಬಾರದು. ಅಲ್ಲಿ ಯಾರಾದರೂ ಒಳ್ಳೆಯ ಮೆಕ್ಯಾನಿಕ್ ಹಿಡಿ, ಬಾಯಿಬಡುಕರು ಬೇಡ.

ನೀನು ಕೇಳಿದ್ದಕ್ಕೆ ಉತ್ತರ.

ಅಣ್ಣ ಹಾಗೆ ತಿಳಿದುಕೊಳ್ಳಲಿಲ್ಲ. ತಿಳಿಯಲು ನಾನು ಬಿಡಲಿಲ್ಲ. ನಿನಗೆ ಹೇಳಿದ ಹಾಗೆ ಅವನಿಗೂ ಸುಳ್ಳು ಹೇಳಿದೆ. ದಿನಾ ಬೆಳಗ್ಗೆ ಸ್ಲೇಟಿನ ಮೇಲೆ 'ಹೊರಟಳಾ?' ಅಂತ ಬರೆಯುತ್ತಿದ್ದ. ಮೊದಲ ದಿನ, ಫೋನ್ ಮಾಡಿದೆ, ರಜಾ ಕೇಳುತ್ತಿದ್ದಾಳೆ ಅಂದೆ. ಆಮೇಲೆ ರಜಾ ಸಿಕ್ಕಿತು ಅಂದೆ. ಆಮೇಲೆ ಮಗುವಿಗೆ ಜ್ವರ, ಇಳಿದ ತಕ್ಷಣ ಹೊರಡುತ್ತಾಳೆ ಅಂದೆ. ಅದಕ್ಕೆ ಅವನು, 'ಅವಸರ ಬೇಡ ಅನ್ನು. ಮಗು ಮೊದಲು' ಅಂತ ಬರೆದ. ಶುಕ್ರವಾರ ಉಸಿರು ಏರುವುದಕ್ಕೆ ಶುರುವಾದಾಗ, ರೈಲು ಹತ್ತಿದ್ದಾಳೆ ಅಣ್ಣಾ ಅಂದೆ.

ಶನಿವಾರ ಬೆಳಗ್ಗೆ ನನ್ನ ಕೈಯಲ್ಲಿ ಗಡ್ಡ ಹೆರೆಸಿಕೊಂಡ. ಒಗೆದ ಅಂಗಿ ಕೇಳಿದ. ಕನ್ನಡಕ ಒರೆಸಿ ಹಾಕು ಅಂತ ಸನ್ನೆ ಮಾಡಿದ. ಮಂಚವನ್ನು ಬಾಗಿಲ ಕಡೆ ತಿರುಗಿಸು ಅಂತ ಬರೆದ. ದೊರೆಸಾನಿ ಬೆನ್ನ ಹಿಂದೆ ಆದಳು, ಅವನಿಗೆ ಅದು ಬೇಕಿರಲಿಲ್ಲ. ಒಂಬತ್ತೂವರೆಗೆ ಗೋಡೆಯ ಗಡಿಯಾರ ತೋರಿಸಿ ಹುಬ್ಬು ಹಾರಿಸಿದ. "ರೈಲು ಬಂತಂತೆ ಅಣ್ಣಾ, ಆಟೋ ಹಿಡಿದಿದ್ದಾಳೆ, ಇನ್ನರ್ಧ ಗಂಟೆ," ಅಂದೆ. ತಲೆಯಾಡಿಸಿದ. ಬೀದಿಯಲ್ಲಿ ಒಂದೊಂದು ಆಟೋ ಸದ್ದು ಕೇಳಿದಾಗಲೂ ತಲೆ ಎತ್ತಲು ನೋಡುತ್ತಿದ್ದ. ನಾನು ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ ತೋರಿಸುತ್ತಿದ್ದೆ. ಇದಲ್ಲ ಅಣ್ಣಾ, ಮುಂದಿನದು, ಅನ್ನುತ್ತಿದ್ದೆ. ಮುಖದಲ್ಲಿ ಕೋಪ ಇರಲಿಲ್ಲ, ಬೇಸರ ಇರಲಿಲ್ಲ. ನೀನು ಬೀದಿ ತಿರುವಿನಲ್ಲಿದ್ದೀಯ ಅಂತಲೇ ನಂಬಿದ್ದ.

ಹತ್ತೂಕಾಲಿಗೆ ಹೋದ. ಅದಾದ ಮೇಲೆ ನಿನಗೆ ಫೋನ್ ಮಾಡಿದೆ.

ಇಂತಿ,
ಗ್ಯಾರೇಜಿನವನು